ಮಿಸ್ ಹ್ಯಾಡೋ ಅವರ ತಮ್ಮ

ಮಿಸ್ ಹ್ಯಾಡೋ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ನಮ್ಮ ಮನೆಯಲ್ಲಿ ಅಳುವಿಗಿಂತ ಮೊದಲು ಎದ್ದದ್ದು ಒಂದು ಪ್ರಶ್ನೆ. ಯಾವ ಚಾಪೆ ಉಡುವುದು?

ಟೋಂಗಾ ದ್ವೀಪದವರಾದ ನಮಗೆ ಇದು ಸಣ್ಣ ಪ್ರಶ್ನೆಯಲ್ಲ. ಸತ್ತವರ ಮುಂದೆ ನಾವು ಎಷ್ಟು ಚಿಕ್ಕವರೋ, ಸಾವಿನ ಮನೆಗೆ ಸುತ್ತಿಕೊಂಡು ಹೋಗುವ ಚಾಪೆ ಅಷ್ಟು ದೊಡ್ಡದು, ಅಷ್ಟು ಹಳೆಯದು, ಅಷ್ಟು ಹರಿದದ್ದು. ದೊಡ್ಡವರಾದರೆ ಸೊಂಟಕ್ಕೆ ನುಣುಪಾದ ಚಿಕ್ಕ ಚಾಪೆ ಸಾಕು. ಬರೀ ಪರಿಚಯದವರಾದರೆ ಕಪ್ಪು ಬಟ್ಟೆ. ಯಾರು ಯಾರಿಗೆ ಏನಾಗಬೇಕು ಎಂದು ಬಾಯಿಬಿಟ್ಟು ಕೇಳುವ ಕೆಲಸವೇ ಇಲ್ಲ.

ನನ್ನ ಗಂಡ ಕೆಲೆಪಿ ಮಂಡಿಯೂರಿ, ಮಂಚದ ಕೆಳಗಿನಿಂದ ಅವನ ಅಜ್ಜಿಯ ಕಾಲದ ಚಾಪೆಯನ್ನು ಎಳೆದ. ಎದೆಯಿಂದ ಮೊಣಕಾಲ ಕೆಳಗಿನವರೆಗೆ ಬರುವಂಥದ್ದು. ಅಂಚೆಲ್ಲ ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು, ನಡುವೆ ಇಲಿ ಕಡಿದ ತೂತು. ಅವನ ತಾಯಿ ಸತ್ತಾಗ ಉಟ್ಟದ್ದು ಅದೇ.

ಬಾಗಿಲಲ್ಲಿ ನಿಂತಿದ್ದ ನಮ್ಮ ಮಗಳು ವೀಕಾ ನೋಡಿದಳು. ಹೈಸ್ಕೂಲಿನ ಕೊನೆಯ ವರ್ಷ ಅವಳಿಗೆ.

"ಅಪ್ಪಾ, ಅದು ಬೇಡ. ಅದು ಬಿಳಿಯರ ಚರ್ಚು. ಕಾರ್ ಒರೆಸೋ ಚಿಂದಿ ಸುತ್ಕೊಂಡು ಬಂದಿದ್ದಾರೆ ಅಂತಾರೆ. ಕರೀ ಕೋಟಿದೆಯಲ್ಲ, ಅದು ಹಾಕ್ಕೋ."

"ಕೋಟು ಪರಿಚಯದವರು ಹಾಕ್ಕೋತಾರೆ. ಅವರು ನನ್ನ ಅಕ್ಕ."

"ಅದು ಅಲ್ಲಿ ಬರೋರಿಗೆ ಗೊತ್ತಿಲ್ವಲ್ಲ!"

"ಚಾಪೆ ನೋಡಿದ್ರೆ ಗೊತ್ತಾಗುತ್ತೆ ಬಿಡು," ಎಂದ ಕೆಲೆಪಿ.

ವೀಕಾ ನನ್ನ ಮುಖ ನೋಡಿದಳು, ನೀನಾದರೂ ಹೇಳು ಎಂಬಂತೆ. ನಾನು ನನ್ನ ಚಾಪೆಯನ್ನು ಹುಡುಕಲು ಹೋದೆ. ತಮ್ಮನ ಹೆಂಡತಿಯೂ ಚಿಕ್ಕವಳೇ. ಕೆಲೆಪಿಗೆ ಬೇಕಾಗಿದ್ದದ್ದು ಒಂದೇ, ಅಕ್ಕನನ್ನು ತಮ್ಮನಾಗಿ ಕಳಿಸಿಕೊಡುವುದು. ನೆರೆಮನೆಯವನಾಗಿ ಹೋಗುವುದಕ್ಕಿಂತ ಹೋಗದೆ ಇರುವುದೇ ಮೇಲು ಎಂದು ಅವನ ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಅವರು ಅಕ್ಕ ಆದದ್ದು ಹೀಗೆ. ನಾವು ಟೋಂಗಾ ಬಿಟ್ಟು ಆಕ್ಲೆಂಡಿನ ಈ ಬೀದಿಗೆ ಬಂದಾಗ ಬೇಲಿಯಾಚೆಯ ಮನೆಯಲ್ಲಿ ಮಿಸ್ ಹ್ಯಾಡೋ ಒಬ್ಬರೇ ಇದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು, ಮದುವೆ ಮಾಡಿಕೊಂಡಿರಲಿಲ್ಲ. ಮೊದಮೊದಲು ಅವರೂ ಬೀದಿಯ ಉಳಿದವರ ಹಾಗೆಯೇ. ಬೇಲಿಯ ಮೇಲಿನಿಂದ ಕೇಳುತ್ತಿದ್ದದ್ದು ಒಂದೇ ಮಾತು: "ಇವತ್ತು ಬಿಸಿಲು ಚೆನ್ನಾಗಿದೆ. ನೀವು ವಾಪಸ್ ಹೋಗೋದು ಯಾವಾಗ?" ಕೆಟ್ಟ ಮನಸ್ಸಿನಿಂದ ಕೇಳುತ್ತಿರಲಿಲ್ಲ. ಬಂದ ನೆಂಟರನ್ನು ನಿಮ್ಮ ರೈಲು ಎಷ್ಟು ಹೊತ್ತಿಗೆ ಎಂದು ಕೇಳುತ್ತೇವಲ್ಲ, ಹಾಗೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಎಲ್ಲಕ್ಕಿಂತ ಕೊನೆಗೆ ತುಂಬುತ್ತಿತ್ತು. ಆಸ್ಪತ್ರೆಯ ಲಾಂಡ್ರಿಯಲ್ಲಿ ನಾನು ಒಗೆದು ಇಸ್ತ್ರಿ ಮಾಡಿದ ಹಾಸುಬಟ್ಟೆಯ ಮೇಲೆ ಮಲಗುವವರೇ ಅಂಗಡಿಯಲ್ಲಿ ನನ್ನ ಚೀಲದೊಳಗೆ ಇಣುಕುತ್ತಿದ್ದರು. ಒಂದು ಕಡೆ ಎಷ್ಟು ವರ್ಷ ಇದ್ದರೂ ಜನ ನಮ್ಮನ್ನು ಈಗತಾನೇ ಹಡಗು ಇಳಿದವರಂತೆ ನೋಡಿದರೆ, ನಮಗೂ ನೆಲ ಸ್ವಲ್ಪ ಅಲ್ಲಾಡುತ್ತಿದೆ ಅನ್ನಿಸುತ್ತಿರುತ್ತದೆ.

ಆಮೇಲೆ ಪೊಲೀಸರು ಕಂದು ಮೈಯವರನ್ನು ಎಲ್ಲಿ ಕಂಡರೂ ನಿಲ್ಲಿಸಿ ಈ ದೇಶದಲ್ಲಿರುವ ಪರವಾನಗಿಯ ಕಾಗದ ಕೇಳುವ ಕಾಲ ಬಂತು. ಒಂದು ಶನಿವಾರ ಕೆಲೆಪಿ ಮನೆಯ ಮುಂದೆ ಹುಲ್ಲು ಕತ್ತರಿಸುತ್ತಿದ್ದಾಗ ಇಬ್ಬರು ಪೊಲೀಸರು ಗೇಟಿಗೆ ಬಂದರು. ಪಾಸ್‌ಪೋರ್ಟು ನವೀಕರಣಕ್ಕೆ ಹೋಗಿತ್ತು. ಆಗ ಅವನ ಇಂಗ್ಲಿಷೂ ಅಷ್ಟಕ್ಕಷ್ಟೇ. "ಇದೆ, ಇಲ್ಲಿಲ್ಲ," ಎಂದು ಅಷ್ಟನ್ನೇ ಹೇಳುತ್ತಿದ್ದ. ವೀಕಾ ನನ್ನ ಸೊಂಟದ ಮೇಲಿದ್ದಳು. ಜೀಪಿನ ಬಾಗಿಲು ತೆರೆದೇ ಇತ್ತು.

ಬೇಲಿಯಾಚೆಯಿಂದ ಮಿಸ್ ಹ್ಯಾಡೋ ಬಂದರು. ತಲೆಗೆ ಕೂದಲು ಸುರುಳಿ ಮಾಡುವ ಕೊಳವೆಗಳು, ಕಾಲಿಗೆ ಮನೆಯ ಚಪ್ಪಲಿ.

"ಏನು ನಡೀತಿದೆ ಇಲ್ಲಿ? ಅವನನ್ನ ಬಿಡಿ. ಅವನು ನನ್ನ ತಮ್ಮ."

ಎಳೆಯ ಪೊಲೀಸಿನವನು ಅವರನ್ನು ನೋಡಿದ, ಕೆಲೆಪಿಯನ್ನು ನೋಡಿದ. "ತಮ್ಮ?"

"ಯಾಕೆ, ಮೂಗು ನೋಡಿದ್ರೆ ಗೊತ್ತಾಗಲ್ವಾ? ಕರ್ಕೊಂಡು ಹೋಗೋದಾದ್ರೆ ನನ್ನನ್ನೂ ಹತ್ತಿಸಿ. ಈ ಚಪ್ಪಲಿಯಲ್ಲೇ ಬರ್ತೀನಿ. ಸ್ಟೇಷನ್ನಲ್ಲಿ ಟೀ ಚೆನ್ನಾಗಿ ಮಾಡ್ತಾರಾ?"

ಹಿರಿಯ ಪೊಲೀಸಿನವನಿಗೆ ನಗು ಬಂತು. ಸೋಮವಾರ ಕಾಗದ ತಂದು ತೋರಿಸಿ ಎಂದು ಹೇಳಿ ಇಬ್ಬರೂ ಹೊರಟುಹೋದರು.

ಅಂದಿನಿಂದ ಕೆಲೆಪಿ ಬದಲಾದ. ನಮ್ಮಲ್ಲಿ ಅಕ್ಕ ಎಂದರೆ ತಲೆಯ ಮೇಲಿಟ್ಟುಕೊಳ್ಳಬೇಕಾದವಳು. ಅಕ್ಕ ಕೋಣೆಗೆ ಬಂದರೆ ತಮ್ಮ ಎದ್ದು ಹೊರಗೆ ಹೋಗಬೇಕು. ಒಂದೇ ಬೆಂಚಿನಲ್ಲಿ ಕೂರುವ ಹಾಗಿಲ್ಲ, ಅವಳೆದುರು ಹಾಸ್ಯ ಮಾಡುವ ಹಾಗಿಲ್ಲ. ಮಿಸ್ ಹ್ಯಾಡೋ ಟೀಗೆಂದು ಬಂದರೆ ಕೆಲೆಪಿ ತಟ್ಟೆ ಹಿಡಿದುಕೊಂಡೇ ಹಿತ್ತಲಿಗೆ ಹೋಗುತ್ತಿದ್ದ. ಕೆಲವು ವಾರ ನೋಡಿ ಅವರು ನನ್ನನ್ನು ಬೇಲಿಯ ಹತ್ತಿರ ಕರೆದರು.

"ಲೋಸಾ, ನಿನ್ನ ಗಂಡನಿಗೆ ನನ್ನ ಮೇಲೆ ಏನು ಕೋಪ? ಪೊಲೀಸಿಂದ ಬಿಡಿಸಿದ್ದೇ ತಪ್ಪಾಯ್ತಾ?"

"ಕೋಪ ಅಲ್ಲ ಮಿಸ್ ಹ್ಯಾಡೋ, ಮರ್ಯಾದೆ. ನೀವು ಅಕ್ಕ ಅಂದ್ರಲ್ಲ."

ನಾನು ಎಲ್ಲ ಬಿಡಿಸಿ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಈ ಪದ್ಧತಿ ನನ್ನ ಸ್ವಂತ ತಮ್ಮನಿಗೆ ಯಾರಾದ್ರೂ ಕಲಿಸಬಾರದಿತ್ತಾ! ಅವನು ಬಂದು ಕೂತ್ರೆ ಏಳೋದೇ ಇಲ್ಲ." ಆಮೇಲೆ ಕಣ್ಣು ಒರೆಸಿಕೊಂಡು, "ಸರಿ, ಅಕ್ಕನಿಗೆ ಇನ್ನೇನೇನು ಸಿಗುತ್ತೆ?" ಎಂದರು.

"ಈ ಮನೆಯಲ್ಲಿ ಏನು ಬೇಕಾದ್ರೂ ಎತ್ಕೊಂಡು ಹೋಗಬಹುದು. ನಾವು ಬೇಡ ಅನ್ನೋ ಹಾಗಿಲ್ಲ."

"ಆ ರೇಡಿಯೋ?"

"ತಗೊಳ್ಳಿ."

"ಈ ಮಗು?"

"ಅದು ಮೊದಲೇ ನಿಮ್ಮದು."

ವೀಕಾ ಅವರನ್ನು ಅತ್ತೆ ಎಂದೇ ಕರೆದು ಬೆಳೆದಳು. ಅಕ್ಷರ ಕಲಿತದ್ದು ಅವರ ಅಡುಗೆಮನೆಯ ಮೇಜಿನ ಮೇಲೆ.

ಅಕ್ಕನ ಸಂಸ್ಕಾರ ನಡೆದದ್ದು ನಮ್ಮ ಬೀದಿಯ ತುದಿಯ ಚರ್ಚಿನಲ್ಲಿ. ಏರ್ಪಾಡು ಮಾಡಿದ್ದು ಮಿಸ್ ಹ್ಯಾಡೋ ಅವರ ಸ್ವಂತ ತಮ್ಮನ ಮಗ ರಾಸ್, ದೇಶದ ದಕ್ಷಿಣ ದ್ವೀಪದಿಂದ ಬಂದಿದ್ದ. ನಮ್ಮನ್ನು ಅವನು ನೋಡಿರಲಿಲ್ಲ. ನಾವು ಮುಂಜಾನೆಯೇ ಹಿತ್ತಲಿನ ಗುಂಡಿಯಲ್ಲಿ ಕಲ್ಲು ಕಾಯಿಸಿ ಅಡುಗೆ ಮಾಡಿದ್ದೆವು. ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು ಮತ್ತು ಡಬ್ಬಿ ಮಾಂಸ ಕಟ್ಟಿದ ಪೊಟ್ಟಣಗಳು, ಕೆಸುವಿನ ಗೆಡ್ಡೆ, ಹಂದಿ. ತಟ್ಟೆಗಳನ್ನು ಹೊತ್ತು ನಡೆದೇ ಹೋದೆವು. ಚಾಪೆ ಸುತ್ತಿದ ನಾವಿಬ್ಬರು ಮುಂದೆ, ಶಾಲೆಯ ಕಪ್ಪು ಲಂಗದ ವೀಕಾ ಹಿಂದೆ, ನಮ್ಮ ಜೊತೆ ಬರುತ್ತಿಲ್ಲವೇನೋ ಎಂಬಷ್ಟು ದೂರದಲ್ಲಿ. ಅಕ್ಕ ಮಲಗಿರುವ ಮಾಡಿನ ಕೆಳಗೆ ತಮ್ಮ ಹೋಗುವಂತಿಲ್ಲ. ಕೆಲೆಪಿ ತನ್ನ ತಟ್ಟೆಯನ್ನು ವೀಕಾಳ ಕೈಗೆ ಕೊಟ್ಟು ಗೇಟಿನ ಪಕ್ಕದ ಪೊಹುಟುಕಾವಾ ಮರದ ಕೆಳಗೆ ನಿಂತ.

ಚರ್ಚಿನ ಬಾಗಿಲಲ್ಲಿ ಟೀ ತಿಂಡಿಯ ಉಸ್ತುವಾರಿಯ ನಾರ್ಮಾ ಎಂಬಾಕೆ ನಿಂತಿದ್ದಳು. ನಮ್ಮ ತಟ್ಟೆಗಳನ್ನು ನೋಡಿದವಳೇ, "ಅಬ್ಬಾ, ಸದ್ಯ ಬಂದ್ರಲ್ಲ! ಅಡುಗೆಮನೆ ಹಿಂದ್ಗಡೆ, ಆ ಪಕ್ಕದ ಬಾಗಿಲಿಂದ ಹೋಗಿ," ಎಂದಳು.

ನನ್ನ ಮನಸ್ಸು ತುಂಬಿಬಂತು. ಸಾವಿನ ಮನೆಯಲ್ಲಿ ಚಿಕ್ಕವರ ಜಾಗ ಅಡುಗೆಮನೆಯೇ. ಹೆಣದ ಹತ್ತಿರ ಕೂರುವುದು ದೊಡ್ಡವರು, ಬೇಯಿಸಿ ಬಡಿಸಿ ತೊಳೆಯುವುದು ನಾವು.

"ನೋಡಿದೆಯಾ," ಎಂದೆ ವೀಕಾಳಿಗೆ. "ಚಾಪೆ ನೋಡಿದ ಕೂಡಲೇ ಗೊತ್ತಾಯ್ತು ಅವಳಿಗೆ."

ವೀಕಾಳ ಕಿವಿ ಕೆಂಪಾಗಿತ್ತು. "ಅಮ್ಮಾ, ಅವಳು ನಿನ್ನನ್ನ ಕೆಲಸದವಳು ಅಂದ್ಕೊಂಡಳು."

"ಇವತ್ತು ನಾನು ಕೆಲಸದವಳೇ ಅಲ್ವೇನೇ?"

"ಅದು ಬೇರೆ, ಇದು ಬೇರೆ! ನಿನಗ್ಯಾಕೆ ಅರ್ಥ ಆಗಲ್ಲ?"

ಅರ್ಥವಾಗಲಿಲ್ಲ ಎಂದಲ್ಲ, ತಡವಾಗಿ ಆಯಿತು. ಬ್ರೆಡ್ಡಿನ ಅಂಚು ಕತ್ತರಿಸುತ್ತ ಅದನ್ನೇ ಯೋಚಿಸಿದೆ. ನಾನು ಅಕ್ಕನಿಗೋಸ್ಕರ ನಾನಾಗಿ ಕೆಳಗೆ ಇಳಿದು ಬಂದಿದ್ದೆ. ಚರ್ಚಿನವರು ನಾನು ಯಾವಾಗಲೂ ಅಲ್ಲೇ ಇದ್ದವಳು ಎಂದುಕೊಂಡಿದ್ದರು. ದೂರದಿಂದ ನೋಡುವವರಿಗೆ ಎರಡೂ ಒಂದೇ ಸಿಂಕಿನ ಮುಂದೆ ಬಾಗಿದ ಒಂದೇ ಬೆನ್ನು.

ಸ್ವಲ್ಪ ಹೊತ್ತಿಗೆ ನಾರ್ಮಾ ಒಳಗೆ ಬಂದಳು. "ಅಮ್ಮಾ, ನಿಮ್ಮ ಸೊಂಟದ್ದು ಅದೇನದು? ತೆಗೆದು ಹೊರಗಿಡಿ. ಎಳೆ ಉದುರಿ ಸ್ಯಾಂಡ್‌ವಿಚ್ಚಿಗೆ ಬೀಳುತ್ತೆ."

ಕೆಲಸದವಳು ಎಂದುಕೊಂಡದ್ದು ನನಗೆ ತಾಗಿರಲಿಲ್ಲ. ಇದು ತಾಗಿತು. "ಆಗಲ್ಲ," ಎಂದೆ. ಅದಕ್ಕಿಂತ ಹೆಚ್ಚು ಇಂಗ್ಲಿಷು ಆ ಗಳಿಗೆಯಲ್ಲಿ ನಾಲಿಗೆಗೆ ಬರಲಿಲ್ಲ.

"ಬರೀ ಸ್ವಚ್ಛತೆಗೆ ಹೇಳಿದ್ದು ಕಣಮ್ಮಾ."

"ಅದು ಸೂತಕದ ಚಾಪೆ," ಎಂದಳು ವೀಕಾ. "ತೆಗೆಯೋ ಹಾಗಿಲ್ಲ. ಮತ್ತೆ, ಅಮ್ಮ ಕೂಲಿಗೆ ಬಂದೋರಲ್ಲ. ನಾವು ಮನೆಯವರು."

"ಯಾರ ಮನೆಯವರು?"

"ಮಿಸ್ ಹ್ಯಾಡೋ ಮನೆಯವರು."

ನಾರ್ಮಾ ನನ್ನ ಮುಖ, ವೀಕಾಳ ಮುಖ, ಮತ್ತೆ ನನ್ನ ಮುಖ ನೋಡಿದಳು. ಕೊನೆಗೆ ಮೊಳೆಗೆ ನೇತುಹಾಕಿದ್ದ ದೊಡ್ಡ ಏಪ್ರನ್ ತಂದು, "ಹಾಗಾದ್ರೆ ಇದನ್ನ ಮೇಲಿಂದ ಕಟ್ಕೊಳ್ಳಿ," ಎಂದಳು. ಚಾಪೆಯ ಮೇಲೆ ಏಪ್ರನ್ ಕಟ್ಟಿಕೊಂಡು ನಾನು ಪೀಪಾಯಿಯ ಹಾಗೆ ಕಾಣುತ್ತಿದ್ದೆ. ವೀಕಾ ಕೂಡ ನಕ್ಕಳು, ಕಣ್ಣಲ್ಲಿ ನೀರಿಟ್ಟುಕೊಂಡು.

ಅಷ್ಟರಲ್ಲಿ ರಾಸ್ ಬಾಗಿಲಿಗೆ ಬಂದ. ಎತ್ತರದ ಮನುಷ್ಯ, ಕಪ್ಪು ಸೂಟು, ಪಾಪ ನಿದ್ದೆಗೆಟ್ಟ ಮುಖ.

"ನಾರ್ಮಾ, ಗೇಟಿನ ಹತ್ರ ಒಬ್ಬ ದೈತ್ಯ ನಿಂತಿದ್ದಾನೆ, ಮೈಗೆ ಏನೋ ಹರಕು ಸುತ್ಕೊಂಡು. ಅತ್ತೆಯ ಸ್ನೇಹಿತೆಯರು ಕಾರಿಂದ ಇಳಿಯೋಕೇ ಹೆದರ್ತಿದ್ದಾರೆ. ಯಾರಾದ್ರೂ ಹೋಗಿ ಕಳಿಸ್ತೀರಾ, ಇಲ್ಲಾ ಪೊಲೀಸಿಗೆ ಫೋನ್ ಮಾಡ್ಲಾ?"

"ಅವರು ನನ್ನ ಅಪ್ಪ," ಎಂದಳು ವೀಕಾ.

ರಾಸ್ ತಡವರಿಸಿದ. "ಕ್ಷಮಿಸಿ. ಒಳಗೆ ಬಂದು ಕೂತ್ಕೊಳ್ಳೋಕೆ ಹೇಳಿ ಹಾಗಾದ್ರೆ. ಅಲ್ಲಿ ಯಾಕೆ ನಿಂತಿರಬೇಕು?"

"ಒಳಗೆ ಬರೋ ಹಾಗಿಲ್ಲ. ಅವರು ತಮ್ಮ."

"ಯಾರ ತಮ್ಮ?"

"ಅತ್ತೆಯ ತಮ್ಮ."

"ಅತ್ತೆಗೆ ಇದ್ದ ತಮ್ಮ ಒಬ್ಬರೇ. ನಮ್ಮಪ್ಪ. ಹೋದ ವರ್ಷ ತೀರಿಕೊಂಡ್ರು." ಹಾಗೆಂದವನು ಒಮ್ಮೆಲೇ ಹಣೆ ಒತ್ತಿಕೊಂಡ. "ಓ! ಆ ಪೊಲೀಸ್ ಕಥೆ! ಅದು ನೀವಾ? ಅತ್ತೆ ಪ್ರತಿ ಕ್ರಿಸ್‌ಮಸ್‌ಗೆ ಫೋನಲ್ಲಿ ಹೇಳಿ ನಗ್ತಿದ್ರು. 'ನನಗೊಬ್ಬ ಹೊಸ ತಮ್ಮ ಸಿಕ್ಕಿದ್ದಾನೆ, ನನ್ನ ಕಂಡ್ರೆ ಹೆದರಿದ ಕೋಳಿ ಥರ ಹಿತ್ತಲಿಗೆ ಓಡ್ತಾನೆ' ಅಂತ." ನಗು ಅರ್ಧಕ್ಕೇ ನಿಲ್ಲಿಸಿ ನಮ್ಮ ಮುಖ ನೋಡಿದ. "ಅದು ತಮಾಷೆ. ನೀವು... ನಿಜ ಅಂದ್ಕೊಂಡಿದ್ರಾ?"

ಇಷ್ಟು ವರ್ಷದಲ್ಲಿ ಅದು ತಮಾಷೆ ಇರಬಹುದು ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಹೌದು, ಪೊಲೀಸರ ಮುಂದೆ ಅವರು ಹಾಸ್ಯವಾಗಿಯೇ ಹೇಳಿದ್ದು. ಮೂಗಿನ ಮಾತು ಹಾಸ್ಯವಲ್ಲದೆ ಮತ್ತೇನು? ಹೊರಗೆ ಹರಿದ ಚಾಪೆ ಸುತ್ತಿಕೊಂಡು ನಿಂತ ನನ್ನ ಗಂಡ ಒಬ್ಬ ಮುದುಕಿಯ ನಗೆಮಾತನ್ನು ಹೊದ್ದು ನಿಂತಿದ್ದಾನೆಯೇ? ಒಂದು ಗಳಿಗೆ ನೆಲ ಅಲ್ಲಾಡಿತು.

ಆಮೇಲೆ ನೆನಪಾಯಿತು.

"ಮಿಸ್ಟರ್ ರಾಸ್," ಎಂದೆ, ಒಂದೊಂದೇ ಪದ ಜೋಡಿಸಿ. "ನಿಮ್ಮತ್ತೆ ಪ್ರತಿ ಭಾನುವಾರ ನಮ್ಮನೆಗೆ ಊಟಕ್ಕೆ ಬರ್ತಿದ್ರು. ಸೀದಾ ಒಳಗೆ ಬರ್ತಿರಲಿಲ್ಲ. ಗೇಟಲ್ಲಿ ನಿಂತು ಜೋರಾಗಿ ಕೆಮ್ಮೋರು. 'ಬರ್ತಾ ಇದ್ದೀನಿ!' ಅಂತ ಕೂಗೋರು. ನನ್ನ ಗಂಡ ಎದ್ದು ಹಿತ್ತಲಿಗೆ ಹೋಗಿ, ಬಾಗಿಲು ಹಾಕಿದ ಸದ್ದು ಕೇಳಿದ ಮೇಲೆ ಒಳಗೆ ಬರೋರು. ತಮ್ಮನಿಗೆ ಗಡಿಬಿಡಿ ಆಗಬಾರದು ಅಂತ."

ರಾಸ್ ಬಾಗಿಲ ಚೌಕಟ್ಟಿಗೆ ಒರಗಿದ.

"ಮಂಡಿ ನೋವು ಬಂದ ಮೇಲೂ ಹಾಗೇ. ಮಳೆ ಬಂದ್ರೂ ಹಾಗೇ. ಕೊಡೆ ಹಿಡ್ಕೊಂಡು ಕಾಯ್ತಿದ್ರು. ಒಬ್ಬರೂ ನೋಡ್ತಿರಲಿಲ್ಲ, ನಗೋಕೆ."

"ಮಳೆಯಲ್ಲಾ?"

"ಮಳೆಯಲ್ಲೂ."

"ಅತ್ತೆ ಯಾರಿಗೂ ಕಾಯೋರಲ್ಲ," ಎಂದ ರಾಸ್, ತನಗೇ ಹೇಳಿಕೊಂಡಂತೆ. "ನಮ್ಮಪ್ಪನಿಗೇ ಕಾದೋರಲ್ಲ." ಇನ್ನೂ ಏನೋ ಹೇಳುವಂತಿದ್ದ. ಒಳಗೆ ಆರ್ಗನ್ ಶುರುವಾಯಿತು, ಹೋದ.

ಪ್ರಾರ್ಥನೆಯನ್ನು ಅಡುಗೆಮನೆಯ ಗೋಡೆಯ ಮೂಲಕ ಕೇಳಿದೆ. ಬೇಗ ಮುಗಿಯಿತು. ನಮ್ಮಲ್ಲಾದರೆ ಇಷ್ಟು ಹೊತ್ತಿಗೆ ಹಾಡಲು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿರುತ್ತೇವೆ. ಶವಪೆಟ್ಟಿಗೆ ಹೊರಗೆ ಬರುವ ಹೊತ್ತಿಗೆ ನಾನೂ ವೀಕಾಳೂ ಪಕ್ಕದ ಬಾಗಿಲಲ್ಲಿ ನಿಂತೆವು. ಕಪ್ಪು ಕಾರು ಗೇಟಿನ ಹೊರಗಿತ್ತು. ಜನ ಎರಡು ಸಾಲಾಗಿ ನಿಂತಿದ್ದರು, ಮರದ ಕೆಳಗಿನ ಕೆಲೆಪಿಯಿಂದ ಸ್ವಲ್ಪ ದೂರ ಬಿಟ್ಟು.

ರಾಸ್ ಮೆಟ್ಟಿಲಿಳಿದು ಎಲ್ಲರ ನಡುವೆ ನೇರವಾಗಿ ಕೆಲೆಪಿಯ ಮುಂದೆ ಹೋಗಿ ನಿಂತ.

"ಹೊರೋಕೆ ಒಬ್ಬರು ಕಮ್ಮಿ ಇದ್ದಾರೆ," ಎಂದ. "ಮುಂದಿನ ಸಾಲಲ್ಲಿ, ನನ್ನ ಪಕ್ಕ. ನಮ್ಮಪ್ಪ ಇದ್ದಿದ್ರೆ ಅವರು ನಿಲ್ಲಬೇಕಾಗಿದ್ದ ಜಾಗ. ನೀವು ಬರ್ತೀರಾ?"

ಅವರಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆಯಿಲ್ಲ. ನಮ್ಮಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಬದುಕಿದ್ದಾಗ ಒಂದೇ ಕೋಣೆಯಲ್ಲಿ ಕೂರದ ತಮ್ಮ, ಸತ್ತ ಅಕ್ಕನ ಪೆಟ್ಟಿಗೆಗೆ ಕೈ ಹಚ್ಚುವುದೇ? ಒಲ್ಲೆ ಎಂದರೆ ಅಷ್ಟು ಜನರ ಮುಂದೆ ಸಂಬಂಧ ಬೇಡ ಎಂದಂತೆ. ಬರುತ್ತೇನೆ ಎಂದರೆ ಯಾವ ಸಂಬಂಧಕ್ಕಾಗಿ ಚಾಪೆ ಉಟ್ಟನೋ ಅದನ್ನೇ ಮುರಿದಂತೆ.

ವೀಕಾ ಓಡಿಹೋಗಿ ಇಂಗ್ಲಿಷಿನಲ್ಲಿ ವಿವರಿಸಲು ಹೊರಟಳು. ಕೆಲೆಪಿ ಕೈಯೆತ್ತಿ ಅವಳನ್ನು ತಡೆದ. ನನ್ನ ಕಡೆ ನೋಡಿದ, ನಮ್ಮ ಮಾತಿನಲ್ಲಿ ಹೇಳಿದ:

"ಲೋಸಾ, ಅಕ್ಕ ನನಗೋಸ್ಕರ ಮಳೆಯಲ್ಲಿ ನಿಂತೋರು."

ನಾನು ಅಡುಗೆಮನೆಯಲ್ಲಿ ಹೇಳಿದ್ದನ್ನು ಅವನು ಕೇಳಿರಲು ಸಾಧ್ಯವೇ ಇಲ್ಲ. ಆದರೆ ತಟ್ಟೆ ಹಿಡಿದು ಹಿತ್ತಲಿಗೆ ಏಳುತ್ತಿದ್ದವನಿಗೂ ಗೇಟಿನ ಕೆಮ್ಮು ಅಷ್ಟು ವರ್ಷ ಕೇಳಿಸುತ್ತಿತ್ತಲ್ಲ.

ಅವನು ಹೋಗಿ ರಾಸ್‌ನ ಪಕ್ಕ ಹೆಗಲು ಕೊಟ್ಟ. ಚಾಪೆ ತೆಗೆಯಲಿಲ್ಲ, ತೆಗೆಯಿರಿ ಎಂದು ಯಾರೂ ಹೇಳಲೂ ಇಲ್ಲ. ಮೆಟ್ಟಿಲಿನಿಂದ ಗೇಟಿನವರೆಗೆ ಆ ಹರಕು ಎಳೆಗಳು ಮೆರುಗಿನ ಮರಕ್ಕೆ ಉಜ್ಜುವ ಸದ್ದೊಂದೇ. ಕಾರಿನ ಬಾಗಿಲು ಮುಚ್ಚಿದ ಮೇಲೆ ರಾಸ್ ಅವನ ಕೈ ಕುಲುಕಲು ಕೈ ನೀಡಿದ. ಕೆಲೆಪಿ ತನ್ನ ಕೈಗಳನ್ನು ಹಿಂದಕ್ಕೆಳೆದುಕೊಂಡು ತಲೆ ಬಾಗಿಸಿದ. ರಾಸ್‌ಗೆ ಏನನ್ನಿಸಿತೋ ಗೊತ್ತಿಲ್ಲ. ಅವನು ಕಾರಿನ ಜೊತೆ ಹೊರಟ. ಆಮೇಲೆ ಮನೆ ಮಾರಿದ, ಒಂದೆರಡು ಸಲ ಕ್ರಿಸ್‌ಮಸ್‌ಗೆ ಕಾರ್ಡ್ ಬಂತು, ನಿಂತಿತು. ನಮ್ಮ ಚರ್ಚಿನ ಹಿರಿಯರು ಕೆಲೆಪಿ ಮಾಡಿದ್ದು ತಪ್ಪು ಎಂದು ಮುಖದ ಮೇಲೆ ಹೇಳಿದರು.

ಅಂದು ಕಾರು ಹೋದ ಮೇಲೆ ಕೆಲೆಪಿ ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಬಂದು ಕೂತ. ಕೈಗಳನ್ನು ಒದ್ದೆಯಾಗಿವೆಯೋ ಎಂಬಂತೆ ಮೈಯಿಂದ ದೂರ ಹಿಡಿದಿದ್ದ. ಮುಟ್ಟಬಾರದವರನ್ನು ಮುಟ್ಟಿದ ಕೈಯಿಂದ ಕೆಲವು ದಿನ ಉಣ್ಣಬಾರದು, ಬೇರೆಯವರು ಉಣ್ಣಿಸಬೇಕು. ಇದು ನಮ್ಮ ಅಜ್ಜಂದಿರ ಕಾಲದ ಕಟ್ಟು, ಈಗ ಊರಿನಲ್ಲೂ ಪಾಲಿಸುವವರಿಲ್ಲ. ನಾನೇನೂ ಕೇಳಲಿಲ್ಲ. ತಟ್ಟೆಯಲ್ಲಿ ಗೆಡ್ಡೆ, ಮಾಂಸ ಹಾಕಿಕೊಂಡು ಬಂದು ತಿನ್ನಿಸತೊಡಗಿದೆ. ಜನ ಟೀ ಕಪ್ಪು ಹಿಡಿದು ಅಂಗಳಕ್ಕೆ ಬಂದು, ನೋಡಿ, ನೋಡದಂತೆ ತಿರುಗಿಕೊಳ್ಳುತ್ತಿದ್ದರು.

ನಾರ್ಮಾ ಬಂದಳು. "ಕೈಗೆ ಏಟಾಯ್ತಾ ಇವರಿಗೆ?"

"ಇಲ್ಲ. ಅಕ್ಕನ ಪೆಟ್ಟಿಗೆ ಮುಟ್ಟಿದ ಕೈ. ಆ ಕೈಯಲ್ಲಿ ತಿನ್ನೋ ಹಾಗಿಲ್ಲ."

ಅವಳು ಸ್ವಲ್ಪ ಯೋಚಿಸಿದಳು. "ಟೀ?"

"ಟೀನೂ ನಾನೇ ಕುಡಿಸಬೇಕು."

"ಸಕ್ಕರೆ ಎಷ್ಟು ಹಾಕ್ಲಿ?" ಎಂದು ಕೇಳಿ ಒಳಗೆ ಹೋದಳು. ಹಿಂದೆಯೇ ಅವಳ ದನಿ ಬಂತು, ತೊಳೆದ ಕಪ್ಪುಗಳೇ ಇಲ್ಲ ಎಂದು.

ವೀಕಾ ನನ್ನ ಹಿಂದೆ ನಿಂತಿದ್ದಳು. ಅವಳ ಶಾಲೆಯ ಯಾರದೋ ತಾಯಿ ಅಂಗಳದಲ್ಲಿ ಕಣ್ಣು ಕೀಳದೆ ಇತ್ತ ನೋಡುತ್ತಿದ್ದಳು. ವೀಕಾಳಿಗೂ ಅದು ಕಾಣುತ್ತಿತ್ತು.

"ಕೊಡಿಲ್ಲಿ," ಎಂದು ತಟ್ಟೆ ಕಿತ್ತುಕೊಂಡಳು. "ನೀನು ಹೋಗಿ ಕಪ್ಪು ತೊಳಿ."

"ಅಪ್ಪನ ತಲೆ ಮುಟ್ಟಬೇಡ ಮತ್ತೆ," ಎಂದೆ. ಮಕ್ಕಳು ಅದನ್ನೂ ನಮ್ಮಲ್ಲಿ ಮಾಡುವಂತಿಲ್ಲ.

"ಗೊತ್ತು ಗೊತ್ತು. ಈ ಮನೆಯಲ್ಲಿ ಯಾರನ್ನ ಮುಟ್ಟಬಹುದು ಅಂತ ಒಂದು ಸಲ ಹೇಳಿಬಿಡಿ."

ತೋಳು ಉದ್ದಕ್ಕೆ ಚಾಚಿ, ಫೋರ್ಕಿನ ತುದಿಗೆ ಒಂದು ಹೋಳು ಚುಚ್ಚಿ, ಅಂಗಳದ ಕಡೆ ಬೆನ್ನು ಮಾಡದೆ ಕೂತಳು.

"ಅಪ್ಪಾ, ಇಷ್ಟು ದೂರದಿಂದ ಗುರಿ ಇಡೋದು ಕಷ್ಟ. ಬಾಯಿ ದೊಡ್ಡದಾಗಿ ತೆಗಿ."